ನಿಮ್ಮ ಬರಹಕ್ಕೆ ಯಾವ ವರ್ಷನ್ ಕಂಟ್ರೋಲ್?

ಶಿರಸಿ ಕಡೆ ಬರೆಯುವವರಿಗೆ ಬರವಿಲ್ಲ. ಒಬ್ಬರು ಯಕ್ಷಗಾನ ಪ್ರಸಂಗ ಬರೆಯುತ್ತಾರೆ, ಇನ್ನೊಬ್ಬರು ಮನೆತನದ ಚರಿತ್ರೆ, ಮತ್ತೊಬ್ಬರು ಶಾಲೆಯ ಸ್ಮರಣ ಸಂಚಿಕೆ. ಎಲ್ಲರ ಪೆನ್‌ಡ್ರೈವ್‌ನಲ್ಲೂ ಒಂದೇ ಬರಹದ ಏಳೆಂಟು ಫೈಲು. ಯಾವುದು ಹೊಸದು ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಡಿಟಿಪಿ ಅಂಗಡಿಗೆ ಹೋದದ್ದು ಹಳೆ ಪ್ರತಿ ಅಂತ ತಿಳಿಯುವುದು ಪುಸ್ತಕ ಅಚ್ಚಾದ ಮೇಲೆ. ವರ್ಷನ್ ಕಂಟ್ರೋಲ್ ಇದ್ದರೆ ಫೈಲು ಒಂದೇ. ಅದರ ಹಿಂದಿನ ರೂಪಗಳೆಲ್ಲ ದಿನಾಂಕ, ಟಿಪ್ಪಣಿ ಸಮೇತ ಒಳಗೇ ಉಳಿದಿರುತ್ತವೆ.

ಜನ ಎಡವುವುದು ತಂತ್ರಾಂಶ ಆರಿಸುವಲ್ಲಿ ಅಲ್ಲ. ತಮ್ಮ ಬರಹ ಯಾವ ರೂಪದಲ್ಲಿದೆ ಅಂತ ನೋಡದೆ ಇನ್‌ಸ್ಟಾಲ್ ಮಾಡುವುದರಲ್ಲಿ.

ಮೊದಲ ಹೆಜ್ಜೆ: ಬರಹಕ್ಕೆ ಯಾರ್ಯಾರು ಕೈ ಹಾಕುತ್ತಾರೆ?

ಸ್ಮರಣ ಸಂಚಿಕೆಯ ಹಾಗೆ ನಾಲ್ಕಾರು ಜನ ಸೇರಿ ತಿದ್ದುವುದಾದರೆ ಗೂಗಲ್ ಡಾಕ್ಸ್ ಸಾಕು. ಅದರ ವರ್ಷನ್ ಹಿಸ್ಟರಿಯಲ್ಲಿ ಮುಖ್ಯ ಹಂತಗಳಿಗೆ ನೀವೇ ಹೆಸರು ಕೊಡಿ. ಹೆಸರಿಲ್ಲದ ಹಳೆ ರೂಪಗಳನ್ನು ಗೂಗಲ್ ಒಂದಕ್ಕೊಂದು ಸೇರಿಸಿಬಿಡಬಹುದು. ನೀವು ಈ ಗುಂಪಿನವರಾದರೆ ಮುಂದಿನದು ಓದದಿದ್ದರೂ ನಡೆದೀತು.

ಎರಡನೇ ಹೆಜ್ಜೆ: ಒಬ್ಬರೇ ಬರೆಯುವುದಾದರೆ ಗಿಟ್

ಲಿನಕ್ಸ್ ತಯಾರಿಸಿದ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ವರ್ಷನ್ ಕಂಟ್ರೋಲ್ ತಂತ್ರಾಂಶ ಬರೆದದ್ದು ಪ್ರೋಗ್ರಾಮರ್‌ಗಳಿಗಾಗಿ. ಆದರೆ ಅದಕ್ಕೆ ಬೇಕಾದದ್ದು ಬರೀ ಅಕ್ಷರ. ಕೋಡ್ ಆದರೇನು, ಕಾದಂಬರಿ ಆದರೇನು? ನೆಟ್‌ವರ್ಕ್ ಇಲ್ಲದೆಯೂ ಪೂರ್ತಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಇರುವವರಿಗೆ ಈ ಒಂದು ಗುಣ ಸಾಕು.

ನಿಜ ಹೇಳಬೇಕೆಂದರೆ ಒಂಟಿ ಬರಹಗಾರರಿಗೆ ಫಾಸಿಲ್ ಎಂಬ ಇನ್ನೊಂದು ತಂತ್ರಾಂಶ ಇನ್ನೂ ಚೆನ್ನಾಗಿ ಹೊಂದುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬರೆದ ರಿಚರ್ಡ್ ಹಿಪ್ ಅವರದ್ದು. ಚರಿತ್ರೆಯೆಲ್ಲ ಒಂದೇ ಫೈಲ್‌ನಲ್ಲಿ ಕೂರುತ್ತದೆ, ಬ್ರೌಸರ್‌ನಲ್ಲೇ ತೆರೆದು ನೋಡಬಹುದು. ಆದರೂ ನಾನು ಗಿಟ್ ಅಂತಲೇ ಹೇಳುತ್ತೇನೆ. ಕಾರಣ ಇಷ್ಟೇ: ನಮ್ಮ ಕಡೆ ಮನೆಗೊಬ್ಬರಾದರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಅವರಿಗೆಲ್ಲ ಗಿಟ್ ಗೊತ್ತು. ಸಿಕ್ಕಿಹಾಕಿಕೊಂಡರೆ ಫೋನ್ ಮಾಡಿ ಕೇಳಬಹುದು ಅಲ್ವಾ? ಫಾಸಿಲ್ ಬಗ್ಗೆ ಯಾರನ್ನು ಕೇಳುತ್ತೀರಿ? ಮರ್ಕ್ಯುರಿಯಲ್, ಸಬ್‌ವರ್ಷನ್ ಎಂಬ ಇಂಥದೇ ಬೇರೆ ತಂತ್ರಾಂಶಗಳದ್ದೂ ಇದೇ ಕತೆ.

ಮೂರನೇ ಹೆಜ್ಜೆ: ಬರಹವನ್ನು ಹದಕ್ಕೆ ತರುವುದು

ಎಲ್ಲರೂ ಕೈಬಿಡುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ವರ್ಡ್ ಫೈಲನ್ನು ಗಿಟ್‌ಗೆ ಕೊಟ್ಟರೆ ಅದು ಇಟ್ಟುಕೊಳ್ಳುತ್ತದೆ. ಆದರೆ ವರ್ಡ್‌ನ ಡಾಕ್ಸೆಕ್ಸ್ (.docx) ಅಂದರೆ ಒಳಗೆ ಹಲವು ಫೈಲು ತುಂಬಿದ ಜಿಪ್ ಗಂಟು. ಮೊನ್ನೆಗೂ ಇವತ್ತಿಗೂ ಯಾವ ಸಾಲು ಬದಲಾಯಿತು ಅಂತ ಸಲೀಸಾಗಿ ಕಾಣುವುದಿಲ್ಲ. ಅದು ಕಾಣದಿದ್ದರೆ ಗಿಟ್ ಇಟ್ಟುಕೊಂಡು ಉಪಯೋಗವೇನು? ಹಾಗಾಗಿ ಸಾದಾ ಪಠ್ಯದಲ್ಲಿ ಬರೆಯಿರಿ. ತಲೆಬರಹ, ದಪ್ಪ ಅಕ್ಷರ ಬೇಕಿದ್ದರೆ ಮಾರ್ಕ್‌ಡೌನ್ ಸಾಕು, ಅಂದರೆ ಸಾದಾ ಪಠ್ಯದಲ್ಲೇ #, * ಇಂಥ ಚಿಹ್ನೆ ಹಾಕಿ ಬರೆಯುವ ಕ್ರಮ. ಕೊನೆಯಲ್ಲಿ ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶ ಅದನ್ನು ವರ್ಡ್ ಫೈಲ್ ಮಾಡಿಕೊಡುತ್ತದೆ.

ನೀವು ಬರೆದದ್ದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಯುನಿಕೋಡ್‌ಗೆ ತನ್ನಿ. ಇಲ್ಲದಿದ್ದರೆ ಗಿಟ್‌ನಲ್ಲಿ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಸಿಕ್ಕ ಸಿಕ್ಕ ಪರಿವರ್ತಕ ನಂಬಬೇಡಿ. ಅರ್ಕಾವೊತ್ತು ಅದಲುಬದಲಾಗಿ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ಮೊದಲು ಒಂದೇ ಪುಟ ಬದಲಿಸಿ, ಅರ್ಕಾವೊತ್ತಿನ ಪದಗಳನ್ನೆಲ್ಲ ಕಣ್ಣಿಟ್ಟು ನೋಡಿ, ಆಮೇಲೆ ಉಳಿದದ್ದು. ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಇಡುವ ವಿಧಾನ) ಯುಟಿಎಫ್-8 ಇರಲಿ. ಹಳೆ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ.

ಇನ್ನು ಸಾಲಿನ ವಿಷಯ. ಗಿಟ್ ಹೋಲಿಸುವುದು ಸಾಲಿಗೆ ಸಾಲು. ನೀವು ಪ್ಯಾರಾ ಮುಗಿಯುವ ತನಕ ಎಂಟರ್ ಒತ್ತದೆ ಬರೆದರೆ ಗಿಟ್‌ಗೆ ಇಡೀ ಪ್ಯಾರಾ ಒಂದೇ ಸಾಲು. ಒಂದು ಅಲ್ಪವಿರಾಮ ತೆಗೆದರೂ ಪ್ಯಾರಾ ಪೂರ್ತಿ ಬದಲಾಯಿತು ಅನ್ನುತ್ತದೆ. ಆದ್ದರಿಂದ ಒಂದೊಂದು ವಾಕ್ಯ ಮುಗಿದಾಗಲೂ ಎಂಟರ್ ಒತ್ತಿ. ಪ್ಯಾರಾ ಮುಗಿದರೆ ಒಂದು ಖಾಲಿ ಸಾಲು ಬಿಡಿ. ಮುದ್ರಣ ಕೆಡುತ್ತದೆ ಅನ್ನುವ ಹೆದರಿಕೆ ಬೇಡ. ಖಾಲಿ ಸಾಲು ಇಲ್ಲದಿದ್ದರೆ ಪ್ಯಾಂಡಾಕ್ ವಾಕ್ಯಗಳನ್ನು ಸೇರಿಸಿ ಒಂದೇ ಪ್ಯಾರಾ ಮಾಡುತ್ತದೆ. ವಾಕ್ಯಕ್ಕೊಂದು ಸಾಲಾದರೆ ಇನ್ನೊಂದು ಲಾಭ: ಯಾವ ವಾಕ್ಯ ಜಾಸ್ತಿ ಉದ್ದವಾಯಿತು ಅಂತ ಕಣ್ಣಿಗೇ ಹೊಡೆಯುತ್ತದೆ.

ಪ್ರಸಂಗ ಬರೆಯುವವರಿಗೆ ಈ ತಾಪತ್ರಯ ಇಲ್ಲ. ಭಾಮಿನಿ ಷಟ್ಪದಿ ಹೇಗೂ ಆರು ಸಾಲಿನದ್ದೇ. ಆದರೆ ಪ್ಯಾಂಡಾಕ್ ಆ ಆರನ್ನೂ ಒಂದು ಮಾಡಿಬಿಟ್ಟರೆ ಕಷ್ಟ. ಪ್ರತಿ ಸಾಲಿನ ಮೊದಲಿಗೆ ಒಂದು ನಿಲುಗೆರೆ (|), ಅದರ ಪಕ್ಕ ಒಂದು ಸ್ಪೇಸ್ ಹಾಕಿದರೆ ಪದ್ಯ ಹಾಗೇ ಉಳಿಯುತ್ತದೆ.

ಕೀಬೋರ್ಡ್ ಪದೇ ಪದೇ ಬದಲಿಸಬೇಡಿ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಬೇರೆ ಬೇರೆ.

ನಾಲ್ಕನೇ ಹೆಜ್ಜೆ: ಇನ್‌ಸ್ಟಾಲ್, ಕಮಿಟ್

ಗಿಟ್ ಹಾಕಿಕೊಳ್ಳಿ, ಜೊತೆಗೆ ವಿಎಸ್ ಕೋಡ್ ಎಂಬ ಎಡಿಟರ್. ಎರಡೂ ಪುಕ್ಕಟೆ. ಕಪ್ಪು ಪರದೆಯ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆದುರಿ ಕಾಣುವುದುಂಟು, ಹಾಗಾಗಿ ವ್ಯತ್ಯಾಸವನ್ನು ವಿಎಸ್ ಕೋಡ್‌ನಲ್ಲೇ ನೋಡಿ. ಫೈಲ್ ಹೆಸರು ಕನ್ನಡದಲ್ಲಿದ್ದರೆ ಟರ್ಮಿನಲ್‌ನಲ್ಲಿ ಗಿಟ್ ಅದನ್ನು ಓರೆಗೆರೆ, ಅಂಕಿಗಳ ಸರಮಾಲೆಯಾಗಿ ತೋರಿಸುತ್ತದೆ. ‘ಕೋರ್ ಕೋಟ್‌ಪಾತ್’ (core.quotepath) ಎಂಬ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ. ನನ್ನ ಕೇಳಿದರೆ ಅಧ್ಯಾಯಗಳಿಗೆ ಸುಮ್ನೆ 01, 02 ಅಂತ ಹೆಸರಿಡಿ.

ಕಮಿಟ್ ಅಂದರೆ ಆ ಹೊತ್ತಿನ ರೂಪವನ್ನು ಟಿಪ್ಪಣಿ ಸಮೇತ ಗಿಟ್‌ನಲ್ಲಿ ದಾಖಲಿಸುವುದು. ಆ ಟಿಪ್ಪಣಿಯಲ್ಲಿ ಬರೀ ‘ತಿದ್ದುಪಡಿ’ ಅಂತ ಬರೆದರೆ ಆರು ತಿಂಗಳ ನಂತರ ಏನೂ ತಿಳಿಯುವುದಿಲ್ಲ. ‘ಅಜ್ಜನ ಮದುವೆ ಭಾಗ ಎರಡನೇ ಅಧ್ಯಾಯಕ್ಕೆ ಸಾಗಿಸಿದೆ’ ಅಂತ ಬರೆಯಿರಿ. ಬ್ರಾಂಚ್, ರೀಬೇಸ್ ಇವೆಲ್ಲ ನಿಮಗೆ ಬೇಡ. ಬೆಂಗಳೂರಿನ ಮಗ ಉತ್ಸಾಹದಿಂದ ಕಲಿಸಲು ಹೊರಟರೂ ಬೇಡ ಅನ್ನಿ.

ಐದನೇ ಹೆಜ್ಜೆ: ಇನ್ನೊಂದು ಪ್ರತಿ, ಮತ್ತು ಡಿಟಿಪಿ ಅಂಗಡಿ

ಡಿಸ್ಕ್ ಹೋದರೆ ಗಿಟ್ ಚರಿತ್ರೆಯೂ ಹೋಗುತ್ತದೆ. ಗಿಟ್ ಪ್ರತಿಗಳನ್ನು ಇಡುವ ಗಿಟ್‌ಹಬ್ ಜಾಲತಾಣದಲ್ಲಿ ಖಾಸಗಿ ರೆಪೊಸಿಟರಿ (ಚರಿತ್ರೆ ಸಮೇತ ಫೈಲುಗಳ ಸಂಗ್ರಹ) 2019ರಿಂದ ಉಚಿತ. ಸಾದಾ ಪಠ್ಯ ತೀರಾ ಹಗುರ; ವಾರಕ್ಕೊಮ್ಮೆ ಪೇಟೆಗೆ ಹೋದಾಗ ಮೊಬೈಲ್ ನೆಟ್‌ನಲ್ಲೇ ಪುಶ್ ಮಾಡಬಹುದು, ಅಂದರೆ ಅಲ್ಲಿಗೆ ಕಳಿಸಬಹುದು. ಗಿಟ್ ಫೋಲ್ಡರನ್ನು ಗೂಗಲ್ ಡ್ರೈವ್ ಸಿಂಕ್ ಒಳಗೆ ಮಾತ್ರ ಇಡಬೇಡಿ. ಎರಡು ಕಂಪ್ಯೂಟರಿನಿಂದ ತೆರೆದಾಗ ಒಳಗಿನ ಫೈಲುಗಳು ಕೆಡುವ ಅಪಾಯವಿದೆ. ಬರೀ ಪೆನ್‌ಡ್ರೈವ್ ನಂಬಿಕೊಳ್ಳುವುದೂ ಬೇಡ. ಕಾರವಾರ, ಕುಮಟಾ ಕಡೆಯ ಉಪ್ಪು ಗಾಳಿಗೆ ಅದರ ಮೂತಿ ಎಷ್ಟು ದಿನ ತಡೆದೀತು?

ಡಿಟಿಪಿಗೆ ಕೊಡುವ ಮುನ್ನ ಆ ಹಂತಕ್ಕೊಂದು ಟ್ಯಾಗ್, ಅಂದರೆ ಗುರುತಿನ ಹೆಸರು ಹಾಕಿ. ಕರಡು ತಿದ್ದುವಾಗ ಆಪರೇಟರ್ ಪಕ್ಕ ಕೂತು ‘ಇಲ್ಲೊಂದು ಸರಿ ಮಾಡಿ, ಅಲ್ಲೊಂದು ಸರಿ ಮಾಡಿ’ ಅನ್ನುವುದು ನಮ್ಮಲ್ಲಿ ರೂಢಿ. ಆ ತಿದ್ದುಪಡಿ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ನಿಮ್ಮ ಫೈಲಿಗೆ ಬರುವುದೇ ಇಲ್ಲ. ಎರಡನೇ ಮುದ್ರಣಕ್ಕೆ ನೀವು ಕೊಡುವುದು ಅದೇ ತಪ್ಪಿನ ಪ್ರತಿ. ಕರಡನ್ನು ಕಾಗದದ ಮೇಲೆ ತಿದ್ದಿ, ಮನೆಗೆ ತನ್ನಿ, ಮೊದಲು ನಿಮ್ಮ ಫೈಲಿಗೆ ಹಾಕಿ ಕಮಿಟ್ ಮಾಡಿ. ಅಂಗಡಿಗೆ ಆಮೇಲೆ ಹೋಗಿ.