ನೇರಳೆ ಬೇರು ಅಕ್ವೇರಿಯಂಗೆ ಇಳಿಯುವವರೆಗೆ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ತಪ್ಪಿನಿಂದ ಐದು ಮೀನು ಸತ್ತವು.

ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರಡಿ ಉದ್ದದ ಅಕ್ವೇರಿಯಂ ಇದೆ. ಅದರೊಳಗೆ ಒಂದು ಒಳ್ಳೆಯ ಕೊರಡು ಇಡಬೇಕು ಅಂತ ಬಹಳ ದಿನದ ಆಸೆ. ಹಿತ್ತಲಿನ ಸೀಬೆ ಮರ ಸವರಿ ಎರಡು ತಿಂಗಳಾಗಿತ್ತು. ಮೂಲೆಯಲ್ಲಿ ಬಿದ್ದಿದ್ದ ಕೊಂಬೆ ಒಣಗಿದ ಹಾಗೇ ಕಂಡಿತು. ತೊಗಟೆ ಸುಲಿದೆ, ಮೇಲೆ ಬಿಸಿನೀರು ಹುಯ್ದೆ, ಕಲ್ಲು ಕಟ್ಟಿ ಟ್ಯಾಂಕಿಗೆ ಇಳಿಸಿದೆ. ಮೂರನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ನಾಲ್ಕನೇ ದಿನ ಬೆಳಿಗ್ಗೆ ಟೆಟ್ರಾಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸಂಜೆಯ ಹೊತ್ತಿಗೆ ಆರರಲ್ಲಿ ಐದು ಹೋದವು. ಎರಡು ಗೌರಾಮಿಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಗೌರಾಮಿಗಳು ಬದುಕಿದ್ದರಿಂದಲೇ ಕಾರಣ ಗೊತ್ತಾಯಿತು. ಅವು ನೀರಿನ ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲ ಮೀನು. ವಿಷವಾಗಿದ್ದರೆ ಅವೂ ಒದ್ದಾಡುತ್ತಿದ್ದವು. ಕಡಿಮೆಯಾಗಿದ್ದು ಆಮ್ಲಜನಕ. ಕೊಂಬೆ ಹೊರಗೆ ಒಣಗಿತ್ತು, ಒಳಗೆ ಇನ್ನೂ ಹಸಿ. ಹಸಿ ಮರದ ರಸದಲ್ಲಿ ಸಕ್ಕರೆ ಇರುತ್ತದೆ. ಅದು ನೀರಿಗೆ ಬಿಟ್ಟುಕೊಂಡರೆ ಬ್ಯಾಕ್ಟೀರಿಯಾ ಒಂದೇ ಸಲ ಹೆಚ್ಚಿ, ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಅವೇ ಬಳಸಿಕೊಳ್ಳುತ್ತವೆ. ಅವತ್ತು ಕೊಂಬೆ ತೆಗೆದು, ಅರ್ಧ ನೀರು ಬದಲಾಯಿಸಿ, ಏರ್ ಪಂಪ್ ಎರಡು ದಿನ ನಿಲ್ಲಿಸದೆ ಓಡಿಸಿದೆ. ಉಳಿದ ಒಂದು ಟೆಟ್ರಾ ಬದುಕಿತು.

ಮುಂದಿನ ಬೇಸಿಗೆಯಲ್ಲಿ ಕೊಪ್ಪದ ಹತ್ತಿರದ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ದೆ. ತೋಟದಲ್ಲಿ ಕಿತ್ತು ಹಾಕಿದ್ದ ಹಳೆಯ ಕಾಫಿ ಗಿಡದ ಬೊಡ್ಡೆ ಕಣ್ಣಿಗೆ ಬಿತ್ತು. ನಾಲ್ಕೂ ಕಡೆ ಬೇರು ಚಾಚಿಕೊಂಡು ಬಹಳ ಚೆನ್ನಾಗಿತ್ತು. ಎತ್ತಿಕೊಂಡೇ ಬಿಟ್ಟಿದ್ದೆ. ದೊಡ್ಡಪ್ಪ ತಡೆದರು. "ಬೇಡ ಮಾರಾಯ, ಅದಕ್ಕೆ ವರ್ಷ ವರ್ಷ ಬೋರ್ಡೋ ಹೊಡೆದಿದೀವಿ. ಮೈಲುತುತ್ತ ಹಳ್ಳಕ್ಕೆ ಇಳಿದ್ರೆ ಮೀನು ಉಳಿಯಲ್ಲ, ನಿನ್ನ ಡಬ್ಬದಲ್ಲಿ ಉಳೀತವಾ?" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಮಲೆನಾಡಿನಲ್ಲಿ ಕಾಫಿಗೂ ಅಡಿಕೆಗೂ ಬೋರ್ಡೋ ದ್ರಾವಣ ಹೊಡೆಯುವುದು ಮಾಮೂಲು. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಲವಣ. ಮೀನಿಗೇ ಅದು ಕಷ್ಟ, ಸೀಗಡಿ ಮತ್ತು ಬಸವನಹುಳುಗಳಿಗಂತೂ ತೀರಾ ಸ್ವಲ್ಪ ಇದ್ದರೂ ಸಾಕು. ತೋಟದ ಒಳಗಿನ ಯಾವ ಮರದ ತುಂಡನ್ನೂ ಅವತ್ತಿನಿಂದ ನಾನು ಟ್ಯಾಂಕಿಗಂತ ಮುಟ್ಟಿಲ್ಲ.

ಕೊನೆಗೆ ಸಿಕ್ಕಿದ್ದು ಗದ್ದೆಯ ಕೆಳಗಿನ ಹಳ್ಳದ ಬದಿಯಲ್ಲಿ. ದೊಡ್ಡಪ್ಪನದೇ ಜಾಗ. ಎಷ್ಟೋ ವರ್ಷದ ಹಿಂದೆ ಉರುಳಿದ ನೇರಳೆ ಮರದ ಬೇರು, ಎರಡಡಿಗಿಂತ ಸ್ವಲ್ಪ ಕಡಿಮೆ ಉದ್ದ. ಮಳೆಗಾಲದಲ್ಲೆಲ್ಲ ಹಳ್ಳದ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲೆಲ್ಲ ಬಿಸಿಲಿಗೆ ಒಣಗಿ, ತೊಗಟೆ ಪೂರ್ತಿ ಹೋಗಿತ್ತು. ಉಗುರು ಒತ್ತಿದರೆ ಗುರುತು ಮೂಡಲಿಲ್ಲ. ಚಾಕುವಿನಿಂದ ಕೆರೆದರೆ ಒಳಗೂ ಒಂದೇ ಬಣ್ಣ, ಹಸಿರಿಲ್ಲ, ಅಂಟಿಲ್ಲ. ಮೂಸಿ ನೋಡಿದೆ, ಒಣ ಮಣ್ಣಿನ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡದೆ ಕೊಳೆಯುತ್ತಿದೆ ಅಂತ ಅರ್ಥ, ಅಂಥದನ್ನು ಅಲ್ಲೇ ಬಿಟ್ಟುಬಿಡಿ. ನೇರಳೆ ನೀರಿನಲ್ಲಿ ಬೇಗ ಕೊಳೆಯುವ ಮರವಲ್ಲ. ಬಾವಿ ಕೆಲಸಕ್ಕೆ ಅದನ್ನು ಬಳಸುವ ರೂಢಿ ಹಳೆಯದು. ಹಾಗಾಗಿ ಧೈರ್ಯ ಬಂತು.

ನಾನು ದೂರ ಇಡುವ ಮರಗಳೂ ಇವೆ. ಬೇವು ಬೇಡ, ಅದರ ಕಹಿ ಮೀನಿಗೆ ವಿಷ. ನೀಲಗಿರಿಯಲ್ಲಿ ಎಣ್ಣೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯಲ್ಲಿ ರಾಳ. ಗೇರು ಮತ್ತು ಚೇರು ಮರದ ಸೊನೆ ತಗುಲಿದರೆ ಮನುಷ್ಯರ ಚರ್ಮವೇ ಬೊಬ್ಬೆ ಏಳುತ್ತದೆ, ಅವನ್ನು ಕುದಿಸುವ ಮಾತೇ ಇಲ್ಲ. ಯಾವ ಮರ ಅಂತ ಗೊತ್ತಿಲ್ಲದ ತುಂಡನ್ನು ಎಷ್ಟೇ ಚೆನ್ನಾಗಿದ್ದರೂ ತರುವುದಿಲ್ಲ. ಇನ್ನೊಂದು ಮಾತು. ಹೊಳೆಯಲ್ಲಿ ತೇಲಿ ಬಂದ ಮರ ಯಾರದೂ ಅಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ತೇಲಿ ಬಂದ ಮತ್ತು ದಡಕ್ಕೆ ಬಿದ್ದ ಮರದ ಬಗ್ಗೆಯೇ ನಿಯಮ ಇದೆ. ಒಡೆತನ ಸಾಬೀತಾಗುವವರೆಗೆ ಅದು ಸರ್ಕಾರದ್ದು. ಕಾಡಿನಿಂದ, ಹೊಳೆಯ ದಡದಿಂದ ಸುಮ್ನೆ ಎತ್ತಿಕೊಂಡು ಬರಬೇಡಿ. ಸ್ವಂತ ಜಾಗದ್ದಾದರೆ ಚಿಂತೆ ಇಲ್ಲ, ಇಲ್ಲದಿದ್ದರೆ ಅಂಗಡಿಯಲ್ಲೇ ಕೊಳ್ಳಿ.

ತೊಳೆಯಲು ತೆಂಗಿನ ನಾರು ಸಾಕಾಯಿತು. ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಮೆತ್ತಗಾದ ಭಾಗಗಳನ್ನು ಚಾಕುವಿನಿಂದ ಗಟ್ಟಿ ಮರ ಸಿಗುವವರೆಗೆ ಕೆರೆದೆ. ಸೋಪು, ಪೌಡರ್ ಏನನ್ನೂ ಹತ್ತಿರ ತರಲಿಲ್ಲ. ಮರ ಅದನ್ನು ಹೀರಿಕೊಂಡರೆ ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ.

ಕುದಿಸಲು ಬಚ್ಚಲ ಒಲೆಯೇ ಸರಿ ಅನ್ನಿಸಿತು. ಅಲ್ಲಿ ಹೂತಿಟ್ಟ ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಬೇರು ಪೂರ್ತಿ ಮುಳುಗುತ್ತಿತ್ತು. ಆದರೆ ದೊಡ್ಡಪ್ಪನ ಮೈಲುತುತ್ತದ ಮಾತು ಕಿವಿಯಲ್ಲೇ ಇತ್ತು. ಮರದಿಂದ ಬಿಡುವ ಟ್ಯಾನಿನ್, ಅಂದರೆ ಕಂದು ಬಣ್ಣದ ಒಗರು, ನೀರನ್ನು ಹುಳಿ ಮಾಡುತ್ತದೆ. ಹುಳಿ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಸಾರು ಮಾಡಬಾರದು ಅಂತಾರಲ್ವಾ, ಅದೇ ಕಾರಣ. ದೊಡ್ಡಮ್ಮ ಅಟ್ಟದಿಂದ ಊಟದ ಮನೆಯ ಅಲ್ಯೂಮಿನಿಯಂ ಡಬರಿ ಇಳಿಸಿಕೊಟ್ಟರು. ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಬೇರಿನ ಒಂದು ತುದಿ ಹೊರಗೇ ಉಳಿಯಿತು, ಅರ್ಧ ಗಂಟೆಗೊಮ್ಮೆ ತಿರುಗಿಸಿದೆ.

ಎರಡು ದಿನದಲ್ಲಿ ಮೂರು ಸಲ, ಒಂದೊಂದು ಗಂಟೆ ಕುದಿಸಿದೆ. ಮೊದಲ ಸಲದ ನೀರು ಗಟ್ಟಿ ಕಾಫಿ ಡಿಕಾಕ್ಷನ್. ಎರಡನೆಯದು ಚಹಾ. ಮೂರನೆಯದು ಬೆಲ್ಲದ ಪಾನಕದ ಬಣ್ಣ. ಕುದಿಸಿದರೆ ಒಳಗಿನ ಹುಳು, ಮೊಟ್ಟೆ, ಪಾಚಿ ಸಾಯುತ್ತವೆ ಅನ್ನುವುದು ಒಂದು ಲಾಭ. ಮರದ ಒಳಗಿನ ಗಾಳಿ ಹೊರಬಂದು ಆ ಜಾಗಕ್ಕೆ ನೀರು ಹೋಗುತ್ತದೆ ಅನ್ನುವುದು ಇನ್ನೊಂದು, ಮುಳುಗಲು ಬೇಕಾದ್ದು ಅದೇ. ಹಾಗಂತ ದಿನಗಟ್ಟಲೆ ಕುದಿಸಬಾರದು, ಮರದ ನಾರು ಸಡಿಲವಾಗಿ ಮೇಲ್ಭಾಗ ಮೆತ್ತಗಾಗುತ್ತದೆ, ಆಮೇಲೆ ಬೇಗ ಕೊಳೆಯುತ್ತದೆ. ಪ್ರೆಶರ್ ಕುಕ್ಕರ್, ಓವನ್ ಕೂಡ ಬೇಡ.

ಬೇರನ್ನು ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ತಂದೆ. ಇನ್ನು ನಿಜವಾದ ಕೆಲಸ ಕಾಯುವುದು. ತಾರಸಿಯ ನೆರಳಿನಲ್ಲಿ ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಟ್ಟು ಅದರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದು ಕಟ್ಟಿದೆ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಒಂದು ವಾರ ಮರೆತರೆ ಸಾಕು. ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಿ ಹಳೆಯದನ್ನು ಗಿಡಗಳಿಗೆ ಹುಯ್ಯುತ್ತಿದ್ದೆ.

ಮುಳುಗಿತೋ ಇಲ್ಲವೋ ಅಂತ ದಿನಾ ಇಣುಕಿ ನೋಡುವ ಬದಲು ತೂಗಲು ಶುರು ಮಾಡಿದೆ. ಇದು ನನಗೆ ಬಹಳ ಉಪಯೋಗಕ್ಕೆ ಬಂದ ಅಭ್ಯಾಸ. ಹಳ್ಳದಿಂದ ತಂದಾಗ ಒಣಗಿದ ತೂಕ 2.3 ಕೆಜಿ. ಕುದಿಸಿದ ಮೇಲೆ 2.7. ಎರಡು ವಾರಕ್ಕೆ 3. ನಾಲ್ಕನೇ ವಾರ ದಪ್ಪ ತುದಿ ತಳಕ್ಕೆ ಇಳಿಯಿತು, ತೆಳು ಬೇರುಗಳು ಮೇಲೇ ಇದ್ದವು. ಆರನೇ ವಾರ 3.2 ಆದಾಗ ಕಲ್ಲು ತೆಗೆದರೂ ಏಳಲಿಲ್ಲ. ತೂಕ ಏರುತ್ತಿದೆ ಅಂತ ಗೊತ್ತಿದ್ದರೆ ಕಾಯುವುದು ಸುಲಭ. ಏರುವುದು ನಿಂತರೂ ಮರ ತೇಲುತ್ತಲೇ ಇದ್ದರೆ ಮಾತ್ರ ಕಲ್ಲಿಗೆ ಕಟ್ಟುವ ಯೋಚನೆ ಮಾಡಿ.

ಆ ಕಲ್ಲಿನ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಅಡುಗೆಮನೆ ಶೆಲ್ಫಿಗೆ ಹಾಕಿ ಉಳಿದ ಕಡಪ ಕಲ್ಲು. ನೋಡಲು ಕಪ್ಪು ಗ್ರಾನೈಟ್ ಹಾಗೇ ಇರುತ್ತದೆ, ಆದರೆ ಅದು ಸುಣ್ಣದಕಲ್ಲು. ನೀರಿಗೆ ನಿಧಾನವಾಗಿ ಸುಣ್ಣ ಬಿಟ್ಟು ಗಡಸುತನ ಏರಿಸುತ್ತದೆ. ಮೊಳೆಯಿಂದ ಗೀಚಿ, ಬಂದ ಪುಡಿಯ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಕಡಪ, ಸುಮ್ಮನಿದ್ದರೆ ಗ್ರಾನೈಟ್. ಕಟ್ಟಲು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಅಥವಾ ಗಾಳದ ದಾರ ಬಳಸಿ, ತಾಮ್ರದ ತಂತಿ ಬೇಡ.

ಟ್ಯಾಂಕಿಗೆ ಇಳಿಸಿದ ಐದನೇ ದಿನ ಬೇರಿನ ಮೇಲೆಲ್ಲ ಬಿಳಿ ಲೋಳೆ ಹಬ್ಬಿತು. ಹತ್ತಿ ನೆನೆಸಿ ಹಚ್ಚಿದ ಹಾಗೆ. ಸೀಬೆ ಕೊಂಬೆಯ ನೆನಪಾಗಿ ಎದೆ ಧಸಕ್ಕೆಂದಿತು. ತಕ್ಷಣ ತೆಗೆದು, ಉಜ್ಜಿ, ಕುದಿನೀರು ಹುಯ್ದು ಮತ್ತೆ ಇಟ್ಟೆ. ವಾರದಲ್ಲಿ ಮತ್ತೆ ಬಂತು. ಮತ್ತೆ ತೆಗೆದೆ. ಮೂರನೇ ಸಲ ಕೈಬಿಟ್ಟು ಗಮನವಿಟ್ಟು ನೋಡಿದೆ. ನೀರು ತಿಳಿಯಾಗಿಯೇ ಇತ್ತು. ಮೀನು ಯಾವುದೂ ಮೇಲೆ ಬಂದು ಬಾಯಿ ಬಿಡುತ್ತಿರಲಿಲ್ಲ. ಚೆರ್ರಿ ಸೀಗಡಿಗಳು ಸಾಲಾಗಿ ಕೂತು ಆ ಲೋಳೆಯನ್ನೇ ತಿನ್ನುತ್ತಿದ್ದವು! ಮರದ ಮೇಲ್ಮೈಯಲ್ಲಿ ಉಳಿದ ಸ್ವಲ್ಪ ಸಕ್ಕರೆಯನ್ನು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ತಿನ್ನುವಾಗ ಬರುವ ಪದರ ಅದು. ಸಕ್ಕರೆ ಮುಗಿದರೆ ಅದೂ ಮುಗಿಯುತ್ತದೆ. ನಾನು ಪದೇ ಪದೇ ಉಜ್ಜಿ ಹೊಸ ಮೈ ತೆರೆದು ಅದನ್ನು ಲಂಬಿಸುತ್ತಿದ್ದೆ, ಅಷ್ಟೇ. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಓಡುತ್ತಿರಲಿ, ಜಾಸ್ತಿ ಆದರೆ ಸಣ್ಣ ಪೈಪಿನಿಂದ ಹೀರಿ ತೆಗೆಯಿರಿ. ನನ್ನಲ್ಲಿ ಬಿಟ್ಟ ಮೇಲೆ ಹದಿನೆಂಟು ದಿನಕ್ಕೆ ಹೋಯಿತು, ಮತ್ತೆ ಬಂದಿಲ್ಲ.

ನೀರಿನ ಬಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೆಲ್ಲ ಮಾಡಿದರೂ ಮೊದಲ ಎರಡು ತಿಂಗಳು ತಿಳಿ ಚಹಾದ ಬಣ್ಣ ಇತ್ತು. ಅದು ಕೊಳೆ ಅಲ್ಲ. ಟೆಟ್ರಾ, ಗೌರಾಮಿಗಳ ಎಷ್ಟೋ ಜಾತಿಗಳು ಮೂಲದಲ್ಲಿ ಎಲೆ, ಬೇರು ಬಿದ್ದ ಕಂದು ನೀರಿನವು. ನನಗಂತೂ ಆ ನೀರಿನಲ್ಲಿ ಅವುಗಳ ಬಣ್ಣ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಬೇಡ ಅನ್ನುವವರು ಫಿಲ್ಟರಿನಲ್ಲಿ ಇದ್ದಿಲಿನ ಚೀಲ, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಆಗಾಗ ಬದಲಾಯಿಸಿದರೆ ಹೋಗುತ್ತದೆ. ಮರ ಹಾಕಿದರೆ ಪಿಎಚ್ ಕುಸಿದುಬಿಡುತ್ತದೆ, ಅಂದರೆ ನೀರು ಹುಳಿಯಾಗುತ್ತದೆ ಅನ್ನುವ ಭಯ ನನ್ನಲ್ಲಿ ನಿಜವಾಗಲಿಲ್ಲ. ನಮ್ಮದು ಕೊಳವೆಬಾವಿಯ ಗಡಸು ನೀರು. ಮೊದಲು 7.8 ಇತ್ತು, ಎರಡು ತಿಂಗಳಿಗೆ 7.6. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಆ ಹುಳಿಯನ್ನು ತಡೆದುಕೊಳ್ಳುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಬಳಸುವವರು ಮಾತ್ರ ಆಗಾಗ ಅಳೆದು ನೋಡುವುದು ಒಳ್ಳೆಯದು.

ಬೇರಿನ ಕವಲುಗಳಿಗೆ ಅನುಬಿಯಾಸ್ ಮತ್ತು ಜಾವಾ ಫರ್ನ್ ಅನ್ನು ಹತ್ತಿ ದಾರದಿಂದ ಕಟ್ಟಿದೆ. ದಾರ ಕರಗುವಷ್ಟರಲ್ಲಿ ಗಿಡಗಳ ಬೇರು ಮರವನ್ನು ಹಿಡಿದುಕೊಂಡಿತ್ತು. ಆಮೇಲೆ ತಂದ ಬ್ರಿಸಲ್‌ನೋಸ್ ಪ್ಲೆಕೊ ಮೀನು ಹಗಲೆಲ್ಲ ಬೇರಿನ ಅಡಿಯಲ್ಲಿರುತ್ತದೆ, ರಾತ್ರಿ ದೀಪ ಆರಿಸಿದ ಮೇಲೆ ಬಂದು ಮರವನ್ನು ಕೆರೆಯುತ್ತದೆ. ಬೆಳಿಗ್ಗೆ ಮರಳಿನ ಮೇಲೆ ಸಣ್ಣ ಮರದ ಪುಡಿ ಬಿದ್ದಿರುತ್ತದೆ.

ಎರಡು ತಿಂಗಳಿಗೊಮ್ಮೆ ಬಿದಿರು ಕಡ್ಡಿಯಿಂದ ಬೇರನ್ನು ಅಲ್ಲಲ್ಲಿ ಚುಚ್ಚಿ ನೋಡುತ್ತೇನೆ. ವರ್ಷದ ಹೊತ್ತಿಗೆ ಒಂದು ತೆಳು ಕವಲಿನ ತುದಿ ಮೆತ್ತಗಾಗಿ ಕಡ್ಡಿ ಒಳಗೆ ಹೋಯಿತು. ಬೆರಳುದ್ದ ಕತ್ತರಿಸಿ ತೆಗೆದೆ. ಉಳಿದದ್ದೆಲ್ಲ ಹಳ್ಳದಲ್ಲಿ ಸಿಕ್ಕ ದಿನ ಇದ್ದಷ್ಟೇ ಗಟ್ಟಿ ಇದೆ.