ಶುಗರ್ ಬಂದ ಮೇಲೂ ನಾನು ಸಿಹಿ ತಿನ್ನುತ್ತೇನೆ, ಹೀಗೆ

ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾದ ದಿನವೇ ಸಿಹಿ ಪೂರ್ತಿ ಬಿಟ್ಟೆ. ಮೂರು ವಾರ ಹೇಗೋ ನಡೆಯಿತು. ನಾಲ್ಕನೇ ವಾರ ಒಂದು ಸಂಜೆ, ಹೊಟ್ಟೆ ಹಸಿದಿತ್ತು, ಅರ್ಧ ಪ್ಯಾಕೆಟ್ ಕ್ರೀಮ್ ಬಿಸ್ಕತ್ತು ನಿಂತಲ್ಲೇ ತಿಂದು ಮುಗಿಸಿದೆ. ರುಚಿ ಹೇಗಿತ್ತು ಅಂತಲೂ ನೆನಪಿಲ್ಲ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಶುಗರ್ 241. ಅವತ್ತು ಅತ್ತುಬಿಟ್ಟೆ.

ಆಮೇಲೆ ‘ಶುಗರ್ ಫ್ರೀ’ ತಿಂಡಿಗಳ ಹಿಂದೆ ಬಿದ್ದೆ. ಪ್ಯಾಕೆಟ್ಟಿನ ಮುಂದೆ ದೊಡ್ಡ ಅಕ್ಷರ, ಹಿಂದೆ ತಿರುಗಿಸಿದರೆ ಮೈದಾ ಮತ್ತು ಸಕ್ಕರೆ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್. ಮೈದಾ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗುತ್ತದೆ. ಮಾಲ್ಟಿಟಾಲ್ ಸಕ್ಕರೆಯಷ್ಟಲ್ಲದಿದ್ದರೂ ಶುಗರ್ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯೂ ಆಗುತ್ತದೆ. ಜೇನುತುಪ್ಪ ಪರವಾಗಿಲ್ಲ ಅಂತ ತುಂಬಾ ಜನ ಹೇಳಿದರು, ಆದರೆ ಅದರಲ್ಲಿರುವುದೂ ಹೆಚ್ಚುಕಡಿಮೆ ಸಕ್ಕರೆಯೇ. ಈಗ ನಾನು ಮುಂದಿನ ಅಕ್ಷರ ನೋಡುವುದೇ ಇಲ್ಲ. ಹಿಂದೆ ‘ಒಟ್ಟು ಕಾರ್ಬೋಹೈಡ್ರೇಟ್’ ಅಂತ ಇರುವ ಸಾಲು, ಅದು ಎಷ್ಟು ಗ್ರಾಂ ತಿಂಡಿಗೆ ಬರೆದಿರುವ ಲೆಕ್ಕ, ಇವೆರಡನ್ನೇ ನೋಡುತ್ತೇನೆ.

ದಾರಿ ತೋರಿಸಿದ್ದು ಡಯಟೀಶಿಯನ್ ಕೇಳಿದ ಒಂದು ಪ್ರಶ್ನೆ. ‘ನಿಮಗೆ ನಿಜವಾಗಿ ಇಷ್ಟವಾದ ಸಿಹಿ ಯಾವುದು?’ ಯೋಚಿಸಿದರೆ ಬಿಸ್ಕತ್ತು ನನಗೆ ಅಷ್ಟೇನೂ ಇಷ್ಟವಿಲ್ಲ, ಕೈಗೆ ಸಿಗುತ್ತದೆ ಅಂತ ತಿನ್ನುತ್ತಿದ್ದೆ. ಇಷ್ಟ ಇದ್ದದ್ದು ಚಾಕೊಲೇಟ್, ಐಸ್‌ಕ್ರೀಮ್. ಉಳಿದದ್ದನ್ನು ಬಿಡುವುದು ಆಮೇಲೆ ಕಷ್ಟವಾಗಲಿಲ್ಲ.

ಐಸ್‌ಕ್ರೀಮನ್ನು ಮೀಟರ್ ಹಿಡಿದು ಪರೀಕ್ಷೆ ಮಾಡಿದೆ. ಒಂದೇ ಅಳತೆಯ ಸಣ್ಣ ಕಪ್ಪು. ಒಂದು ದಿನ ಸಂಜೆ ಖಾಲಿ ಹೊಟ್ಟೆಯಲ್ಲಿ ತಿಂದೆ, ಒಂದು ಗಂಟೆ ಬಿಟ್ಟು ನೋಡಿದರೆ 203. ಇನ್ನೊಂದು ದಿನ ಮಧ್ಯಾಹ್ನ ತರಕಾರಿ, ಮೊಟ್ಟೆ ಹೊಟ್ಟೆ ತುಂಬಾ ತಿಂದು, ಅನ್ನ ಅರ್ಧಕ್ಕೆ ಇಳಿಸಿ, ಅದರ ಮೇಲೆ ಐಸ್‌ಕ್ರೀಮ್ ತಿಂದು ಹದಿನೈದು ನಿಮಿಷ ನಡೆದು ಬಂದೆ. 161. ನಾರು, ಪ್ರೋಟೀನ್ ಜೊತೆ ಇದ್ದರೆ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ, ನಡೆದರೆ ಕಾಲಿನ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಗೊತ್ತಿದ್ದ ವಿಷಯವೇ, ಆದರೆ ನನ್ನದೇ ರಕ್ತದಲ್ಲಿ ನೋಡಿದಾಗಲೇ ನಂಬಿಕೆ ಬಂದದ್ದು. ನಿಮ್ಮ ಸಂಖ್ಯೆ ಬೇರೆ ಬರಬಹುದು, ಅದಕ್ಕೇ ನೀವೇ ಅಳೆದು ಬರೆದಿಟ್ಟುಕೊಳ್ಳಿ.

ಚಾಕೊಲೇಟ್ ಮಾತ್ರ ದಿನವೂ ಇದೆ. 85 ಶೇಕಡಾ ಕೋಕೋ ಇರುವುದು, ಎರಡು ಚೂರು, ಸುಮಾರು 20 ಗ್ರಾಂ. ಸಕ್ಕರೆ 3 ಗ್ರಾಂ ಆಸುಪಾಸು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮೊದಲ ವಾರ ಬರೀ ಕಹಿ. ಆಮೇಲೆ ಅಗಿಯುವುದನ್ನು ಬಿಟ್ಟೆ. ಚೂರನ್ನು ನಾಲಿಗೆಯ ಮೇಲಿಟ್ಟು ಸುಮ್ನೆ ಕೂತರೆ ಮೊದಲು ಅಂಚು ಮೆತ್ತಗಾಗುತ್ತದೆ, ಕಹಿ ಹಾಗೇ ಗಂಟಲ ಕಡೆ ಸರಿಯುತ್ತದೆ, ಕೊನೆಗೆ ಎಲ್ಲೋ ಹಣ್ಣಿನಂಥ ಸಣ್ಣ ಹುಳಿ, ಅದರ ಹಿಂದೆ ಸಿಹಿ. ಕರಗಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ಫೋನ್ ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಕೆಲವು ಮಾತ್ರೆ ತಗೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗೆ ಹೋದರೆ ಚಾಕೊಲೇಟ್ ಹುಡುಕಬೇಡಿ. ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಆಗ ಬೇಕಾದದ್ದು ಬೇಗ ರಕ್ತ ಸೇರುವ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಕಿಡ್ನಿ ತೊಂದರೆಯೂ ಇದ್ದರೆ ಚಾಕೊಲೇಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವುದರಿಂದ ಡಾಕ್ಟರನ್ನು ಕೇಳದೆ ನನ್ನ ಲೆಕ್ಕ ಹಿಡಿಯಬೇಡಿ.

ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ ನನಗೆ 8.9 ಇದ್ದದ್ದು ಕಳೆದ ಸಲ 6.8 ಬಂತು. ಮಾತ್ರೆ, ನಡಿಗೆ, ಊಟ ಎಲ್ಲಾ ಸೇರಿ ಬಂದದ್ದು ಅದು.

ಮೊನ್ನೆ ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ಯಾರೋ ನನ್ನ ಮುಂದಿನ ತಟ್ಟೆ ತೆಗೆದು ‘ನಿಮಗೆ ಬೇಡ ಅಲ್ವಾ’ ಅಂದರು. ಬೇಕು ಅಂದೆ. ಊಟ ಆಗಿತ್ತು. ಎರಡು ಬೆರಳಗಲದ ಕೇಕ್ ಕೇಳಿ ತಗೊಂಡು, ಮಗು ಪಕ್ಕ ಕೂತು, ಅವಳು ಮುಗಿಸುವವರೆಗೂ ನಿಧಾನವಾಗಿ ತಿಂದೆ.