ಆರು ಪ್ರಶ್ನೆ ಕೇಳಿ ಪಡೆದ ತೀರ್ಪು

ನನ್ನ ಕಕ್ಷಿದಾರರು ಪೀಣ್ಯದಲ್ಲಿ ಶೀಟ್ ಮೆಟಲ್ ಬಿಡಿಭಾಗ ಮಾಡುವವರು. ಬೆಂಗಳೂರಿನದೇ ಒಂದು ಕಂಪನಿಗೆ 11 ಇನ್‌ವಾಯ್ಸ್ ಮೇಲೆ ಮಾಲು ಕಳಿಸಿದ್ದರು. ಬಾಕಿ 38 ಲಕ್ಷ. ಮೊದಲ ದಿನ ಆಫೀಸಿಗೆ ಬಂದು ಅವರು ಕೇಳಿದ್ದು ಒಂದೇ ಮಾತು: "ಎಷ್ಟು ವರ್ಷ ಆಗುತ್ತೆ ಸಾರ್?" ದುಡಿದ ದುಡ್ಡು ಕೇಳಲು ಬಂದವರ ಬಾಯಲ್ಲಿ ಮೊದಲು ಈ ಪ್ರಶ್ನೆ ಬರುತ್ತದಲ್ಲ, ಅದು ನನಗೆ ಇವತ್ತಿಗೂ ಸಂಕಟ. ಅದಕ್ಕೇ ಸಮ್ಮರಿ ಜಡ್ಜ್‌ಮೆಂಟ್, ಅಂದರೆ ಸಾಕ್ಷಿ ವಿಚಾರಣೆಗೆ ಮೊದಲೇ ದಾಖಲೆ ಮೇಲೆ ತೀರ್ಪು ಕೇಳುವ ದಾರಿ ಹಿಡಿದೆ.

ಈ ದಾರಿ ಇರುವುದು ಕಮರ್ಷಿಯಲ್ ಕೋರ್ಟ್ ದಾವೆಗಳಿಗೆ ಮಾತ್ರ. ಅಲ್ಲಿ ದಾವೆ ಹಾಕಲು ಮೊದಲು 1 ಕೋಟಿ ಇದ್ದ ಕನಿಷ್ಠ ಮೊತ್ತ 2018ರ ತಿದ್ದುಪಡಿಯಲ್ಲಿ 3 ಲಕ್ಷಕ್ಕೆ ಇಳಿಯಿತು. ಸಣ್ಣ ಕಾರ್ಖಾನೆಯವರಿಗೆ ಬಾಗಿಲು ತೆರೆದಿದ್ದೇ ಆಗ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 13-ಎ ಪ್ರಕಾರ, ಪ್ರತಿವಾದಿಗೆ ಗೆಲ್ಲುವ ನಿಜವಾದ ಸಾಧ್ಯತೆ ಇಲ್ಲ, ಸಾಕ್ಷಿ ವಿಚಾರಣೆ ಮಾಡಲು ಬೇರೆ ಬಲವಾದ ಕಾರಣವೂ ಇಲ್ಲ ಎಂದು ತೋರಿಸಿದರೆ ಸಾಕು. ಪಾಟೀಸವಾಲಿಲ್ಲದೆ ತೀರ್ಪು ಸಿಗುತ್ತದೆ.

ದಾವೆಗೆ ಮೊದಲು ಮಾಡಬೇಕಾದ, ಕಮರ್ಷಿಯಲ್ ಕೋರ್ಟ್ ಕಾಯ್ದೆಯ ಸೆಕ್ಷನ್ 12-ಎ ಮಧ್ಯಸ್ಥಿಕೆಗೆ ಎದುರಿನವರು ಬರಲೇ ಇಲ್ಲ. ಆ ವರದಿ ಇಟ್ಟುಕೊಂಡು ದಾವೆ ಹಾಕಿದೆ. 120 ದಿನದ ಗಡುವು ಮುಗಿಯಲು ಎರಡೇ ದಿನ ಇದ್ದಾಗ ಅವರ ಲಿಖಿತ ಹೇಳಿಕೆ ಬಂತು. "ಮಾಲು ಕಳಪೆ. ಬಾಯಿಮಾತಲ್ಲಿ ಹೇಳಿ ವಾಪಸ್ ಕಳಿಸಿದ್ದೇವೆ." ಇಷ್ಟೇ.

ಇಲ್ಲಿ ನನ್ನ ಹಳೆಯ ಒಂದು ತಪ್ಪು ಹೇಳಲೇಬೇಕು. ಇನ್ನೊಂದು ಕೇಸಿನಲ್ಲಿ ಇಂಥದೇ ಅರ್ಜಿಯನ್ನು ಕೋರ್ಟ್ ಇಶ್ಯೂ ಫ್ರೇಮ್ ಮಾಡಿದ ಮೇಲೆ, ಅಂದರೆ ತೀರ್ಮಾನಿಸಬೇಕಾದ ವಿವಾದಾಂಶಗಳನ್ನು ಗುರುತಿಸಿದ ಮೇಲೆ ಹಾಕಿದ್ದೆ. ಸಮನ್ಸ್ ಜಾರಿಯಾದ ಮೇಲೆ ಯಾವಾಗ ಬೇಕಾದರೂ ಹಾಕಬಹುದು, ಆದರೆ ಇಶ್ಯೂ ಆದ ಮೇಲೆ ಬರುವುದಿಲ್ಲ. ಅರ್ಜಿ ವಜಾ ಆಯಿತು. ಆ ಕಕ್ಷಿದಾರರ ಮುಖ ನೋಡಿ ವಿಷಯ ಹೇಳಿದ್ದು ಮರೆತಿಲ್ಲ. ಆವತ್ತಿನಿಂದ ಲಿಖಿತ ಹೇಳಿಕೆ ಬಂದ ದಿನವೇ ಫೈಲಿನ ಮೇಲೆ ದಿನಾಂಕ ಬರೆದಿಡುತ್ತೇನೆ. ದಾಖಲೆ ಪರಿಶೀಲನೆಗೆ 30 ದಿನ. ಎದುರಿನವರ ದಾಖಲೆಗಳ ಒಪ್ಪಿಗೆ-ನಿರಾಕರಣೆಯ ಅಫಿಡವಿಟ್‌ಗೆ ಅದಾದ ಮೇಲೆ 15 ದಿನ. ಆಮೇಲೆ 4 ವಾರದೊಳಗೆ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್, ಅಲ್ಲೇ ಇಶ್ಯೂ. ಅಂದರೆ ಕೈಯಲ್ಲಿರುವುದು ಸುಮಾರು ಎರಡೂವರೆ ತಿಂಗಳು. ಎದುರಿನವರಿಂದ ಏನು ಹೊರಗೆ ತರಬೇಕೋ ಅದನ್ನೆಲ್ಲ ಅಷ್ಟರೊಳಗೇ ತರಬೇಕು.

ನನ್ನ ಹತ್ತಿರ ಇನ್‌ವಾಯ್ಸ್, ಡೆಲಿವರಿ ಚಲನ್ ಇದ್ದವು. ಅಷ್ಟೇ ಇಟ್ಟುಕೊಂಡು ಅರ್ಜಿ ಹಾಕಿದ್ದರೆ, "ಕಳಪೆಯೋ ಅಲ್ಲವೋ ಸಾಕ್ಷಿ ಕೇಳಿಯೇ ಹೇಳಬೇಕು" ಎನ್ನುತ್ತಿತ್ತು ಕೋರ್ಟು. ಅದರಲ್ಲಿ ತಪ್ಪೂ ಇಲ್ಲ. ಹಾಗಾಗಿ ಮೊದಲು ಆರ್ಡರ್ 11ರಲ್ಲಿ ಪ್ರಶ್ನಾವಳಿಗೆ, ಅಂದರೆ ಎದುರಿನವರಿಗೆ ಬರಹದಲ್ಲಿ ಪ್ರಶ್ನೆ ಕೇಳಲು ಅನುಮತಿ ಕೇಳಿದೆ. ಮೊದಲ ಕರಡಿನಲ್ಲಿ 23 ಪ್ರಶ್ನೆ ಇದ್ದವು. ಸುಮ್ನೆ ಬಲೆ ಬೀಸಿ ನೋಡುವಂಥವನ್ನು ಕೋರ್ಟ್ ಒಪ್ಪುವುದಿಲ್ಲ. ಒಂದೊಂದಾಗಿ ಹೊಡೆದು ಹಾಕಿ ಆರಕ್ಕೆ ತಂದೆ. ಮುಖ್ಯವಾದವು ಇವು:

"ವಾಪಸ್ ಕಳಿಸಿದ್ದು ಯಾವ ದಿನ? ಗಾಡಿ ನಂಬರ್ ಏನು? ಇ-ವೇ ಬಿಲ್ (ಮಾಲು ಸಾಗಣೆಯ ಜಿಎಸ್‌ಟಿ ದಾಖಲೆ) ಇದೆಯೇ?"

"ಈ 11 ಇನ್‌ವಾಯ್ಸ್‌ಗಳ ಪೈಕಿ ಯಾವುದರ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಂಡಿದ್ದೀರಿ? ಯಾವ ತಿಂಗಳ ರಿಟರ್ನ್‌ನಲ್ಲಿ? ಆಮೇಲೆ ಅದನ್ನು ರಿವರ್ಸ್ ಮಾಡಿದ್ದೀರಾ?"

"ಲೋಪ ಇದೆ ಎಂದು ಬರಹದಲ್ಲಿ ತಿಳಿಸಿದ್ದೀರಾ? ಇದ್ದರೆ ಪ್ರತಿ ಕೊಡಿ."

ಜಿಎಸ್‌ಟಿ ಪ್ರಶ್ನೆಯೇ ಇದರ ಜೀವ. ಖರೀದಿಯ ಮೇಲಿನ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆ ಸೆಕ್ಷನ್ 16ರ ಪ್ರಕಾರ ಮಾಲು ಕೈಗೆ ಬಂದಿದ್ದರೆ ಮಾತ್ರ ಕ್ರೆಡಿಟ್. ಇನ್‌ವಾಯ್ಸ್ ಆಗಿ 180 ದಿನದೊಳಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಉತ್ತರವನ್ನು ಕಂಪನಿಯ ಅಧಿಕಾರಿಯೇ ಅಫಿಡವಿಟ್ ಮೇಲೆ ಕೊಡಬೇಕು, ವಕೀಲರ ಜಾಣ ವಾಕ್ಯ ಅಲ್ಲಿ ನಡೆಯುವುದಿಲ್ಲ.

ಉತ್ತರ ಬಂತು. 11ಕ್ಕೆ 11ರ ಮೇಲೂ ಕ್ರೆಡಿಟ್ ತೆಗೆದುಕೊಂಡಿದ್ದರು. ಒಂದನ್ನೂ ರಿವರ್ಸ್ ಮಾಡಿರಲಿಲ್ಲ. ಗಾಡಿ ನಂಬರ್ ಇಲ್ಲ, ಇ-ವೇ ಬಿಲ್ ಇಲ್ಲ. ಆದರೆ ಕೊನೆಯ ಎರಡು ಇನ್‌ವಾಯ್ಸ್‌ಗಳ ಬಗ್ಗೆ, ಮಾಲು ಮುಟ್ಟಿದ ವಾರದೊಳಗೆ ಫೋಟೊ ಸಮೇತ ಕಳಿಸಿದ ಒಂದು ಈಮೇಲ್ ಸಿಕ್ಕಿತು. ನಮ್ಮ ಕಕ್ಷಿದಾರರು ಅದನ್ನು ನನಗೆ ಹೇಳಿರಲಿಲ್ಲ.

ಆ ಎರಡನ್ನು ಸೇರಿಸಿ ಅರ್ಜಿ ಹಾಕಿದ್ದರೆ ಇಡೀ ಅರ್ಜಿ ಮುಳುಗುತ್ತಿತ್ತು ಎಂದೇ ನನ್ನ ನಂಬಿಕೆ. 13-ಎಯಲ್ಲಿ ಹಕ್ಕಿನ ಒಂದು ಭಾಗಕ್ಕೆ ಮಾತ್ರವೂ ತೀರ್ಪು ಕೇಳಬಹುದು. 9 ಇನ್‌ವಾಯ್ಸ್‌ಗೆ ಮಾತ್ರ ಕೇಳಿದೆ. ಇದು ಸಮ್ಮರಿ ಜಡ್ಜ್‌ಮೆಂಟ್ ಅರ್ಜಿ ಎಂದು ಅದರಲ್ಲೇ ಬರೆಯಬೇಕು, ಬರೆದೆ. ಪ್ರತಿ ಇನ್‌ವಾಯ್ಸ್‌ಗೆ ಒಂದು ಸಾಲು: ಚಲನ್ ಪುಟ ಯಾವುದು, ಕ್ರೆಡಿಟ್ ತೆಗೆದ ತಿಂಗಳು ಯಾವುದು, ಪ್ರಶ್ನಾವಳಿ ಉತ್ತರದ ಪ್ಯಾರಾ ಯಾವುದು. ಒಟ್ಟು ಒಂದೂವರೆ ಪುಟದ ಪಟ್ಟಿ. ವಾದ ಮಾಡಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಆ ಪಟ್ಟಿ.

ಎದುರು ವಕೀಲರು ಒಳ್ಳೆಯ ಮಾತೇ ಎತ್ತಿದರು: ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಂಡ ಮಾತ್ರಕ್ಕೆ ಮಾಲು ಚೆನ್ನಾಗಿತ್ತು ಎಂದಾಗುತ್ತದೆಯೇ? ಆಗುವುದಿಲ್ಲ. ನಾನೂ ಹಾಗೆ ಹೇಳಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 42 ತೋರಿಸಿದೆ. ತಿರಸ್ಕರಿಸಿದ್ದೇನೆ ಎಂದು ತಿಳಿಸದೆ, ಸಾಕಷ್ಟು ಸಮಯ ಕಳೆದ ಮೇಲೂ ಮಾಲನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆ. ಒಂಬತ್ತರ ಬಗ್ಗೆ ಒಂದು ಸಾಲೂ ಬರೆದಿಲ್ಲ, ಕ್ರೆಡಿಟ್ ಮಾತ್ರ ಅನುಭವಿಸಿದ್ದೀರಿ. ಎರಡಕ್ಕೆ ಈಮೇಲ್ ಬರೆಯಲು ಗೊತ್ತಿದ್ದವರು ಒಂಬತ್ತಕ್ಕೆ ಯಾಕೆ ಬಾಯಿಮಾತಲ್ಲಿ ಹೇಳಿದರು ಅಲ್ವಾ? ನ್ಯಾಯಾಧೀಶರು ಇದನ್ನೇ ಅವರಿಗೆ ಕೇಳಿದರು. ಒಂಬತ್ತಕ್ಕೂ ಬಡ್ಡಿ ಸಮೇತ ತೀರ್ಪಾಯಿತು.

ಉಳಿದ ಎರಡು ವಿಚಾರಣೆಗೆ ಹೋದವು. ಅದಕ್ಕೂ ಮೊದಲು ಕಕ್ಷಿದಾರರನ್ನು ಕೂರಿಸಿ ಈಮೇಲ್‌ನ ಫೋಟೊಗಳನ್ನು ದೊಡ್ಡದು ಮಾಡಿ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. "ಬೆಂಡ್ ತಪ್ಪಿದೆ ಸಾರ್. ಆ ವಾರ ಡೈ ಸವೆದಿತ್ತು." ಆ ಎರಡನ್ನು ಅರ್ಧ ಬೆಲೆಗೆ ರಾಜಿ ಮಾಡಿಕೊಂಡೆವು.